ಚಂದ್ರನ ಮೇಲೊಬ್ಬ ಗಾಳಿಗಂಟಿ

ಆ ಶುಕ್ರವಾರ ಮಧ್ಯಾಹ್ನ ಕೀರ್ತಿಗೆ ಬಂದಂಥ ಸಿಟ್ಟು ಅವಳ ಹದಿಮೂರು ವರ್ಷದ ನೌಕರಿಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು, ಚಿತ್ರಾನ್ನದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ವಾಟ್ಸ್ಯಾಪಿನಲ್ಲಿ ಬಂದಿದ್ದ ಪ್ರೂಫನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿಕೊಂಡು ಓದುತ್ತಿದ್ದಳು. ಅವಳದೇ ಕತೆ. ಸರಸ್ವತಿಪುರಂನ ಒಂದು ಚಿಕ್ಕ ಪ್ರಕಾಶನದವರು ತರುತ್ತಿದ್ದ ವೈಜ್ಞಾನಿಕ ಕತೆಗಳ ಸಂಕಲನಕ್ಕೆ ಆಯ್ಕೆಯಾಗಿತ್ತು. ಎಂಟು ವರ್ಷ ಬರೆದ ಮೇಲೆ ಪುಸ್ತಕದಲ್ಲಿ ಅಚ್ಚಾಗುತ್ತಿದ್ದ ಮೊದಲ ಕತೆ. ಅದರ ಮೊದಲ ವಾಕ್ಯ ಪ್ರೂಫಿನಲ್ಲಿ ಹೀಗಿತ್ತು: ‘ಬೆಳಗಿನ ಪಾಳಿಗೆ ಗಾಳಿಗಂಟೆ ತೂಬಿನ ಹತ್ತಿರ ಬಂದು ಕೆಮ್ಮಿದ.’

ಗಂಟೆ ಎಲ್ಲಾದರೂ ಕೆಮ್ಮುತ್ತದೆಯೇ?

ಅವಳು ಬರೆದದ್ದು ಗಾಳಿಗಂಟಿ. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯ ಪ್ರಕಾರ ಬಿಡುವವನು ನೀರಗಂಟಿಯಾದರೆ, ಚಂದ್ರನ ಮೇಲಿನ ಹಟ್ಟಿಗಳಿಗೆ ಗಾಳಿ ಬಿಡುವವನು ಗಾಳಿಗಂಟಿ. ಟೈಪು ಮಾಡಿದವರಿಗೆ ಆ ‘ಟಿ’ ಕೈತಪ್ಪಿನಿಂದ ಆದದ್ದು ಅನ್ನಿಸಿದೆ. ಪಾಪ, ಮುತುವರ್ಜಿಯಿಂದ ಎಲ್ಲ ಕಡೆಯೂ ತಿದ್ದಿದ್ದಾರೆ. ಕೀರ್ತಿ ಎಣಿಸಿದಳು. ನಲವತ್ತಮೂರು ಕಡೆ.

ಪಕ್ಕದಲ್ಲಿ ಕೂತಿದ್ದ ಸುಮಾ, ಅವಳ ಜೊತೆ ಲ್ಯಾಬಿನಲ್ಲೇ ಕೆಲಸ ಮಾಡುವವಳು, ಬಗ್ಗಿ ಫೋನು ನೋಡಿದಳು. ಗಟ್ಟಿಯಾಗಿ ಓದಿದಳು: “‘ಗಾಳಿಗಂಟೆಗೆ ಮೂರು ಮಕ್ಕಳು.’ ಏನೇ ಇದು, ಗಂಟೆಗೆ ಮೂರು ಮಕ್ಕಳಾ? ಯಾವ ಆಸ್ಪತ್ರೆಯಮ್ಮ ಅದು?”

“ಸುಮ್ನಿರೇ.”

“‘ಗಾಳಿಗಂಟೆಯ ಹೆಂಡತಿ ಅಂದು ಮುನಿಸಿಕೊಂಡಿದ್ದಳು.’ ಮುನಿಸಿಕೊಳ್ಳದೆ ಏನು ಮಾಡ್ತಾಳೆ ಬುಡು, ಗಂಡ ಗಂಟೆಗಂಟೆಗೂ ಬಡ್ಕೊತಾ ಇದ್ರೆ!”

ಮುಂದಿನ ಮೇಜಿನವರೂ ನಕ್ಕರು. ಕೀರ್ತಿ ಚಿತ್ರಾನ್ನ ಬಿಟ್ಟು ಎದ್ದಳು. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಪುಸ್ತಕ ಮುದ್ರಣಕ್ಕೆ ಹೋಗುತ್ತದೆ ಎಂದು ಪ್ರೂಫಿನ ಜೊತೆಗೇ ಬರೆದಿದ್ದರು. ಆ ಒಂದು ಶಬ್ದ ಹೋದರೆ ತನ್ನ ಕತೆ ಹೋದ ಹಾಗೇ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಏಕೆಂದರೆ ಆ ಶಬ್ದ ಸಿಗುವ ತನಕ ಅವಳ ಹತ್ತಿರ ಕತೆ ಅನ್ನುವುದೇ ಇರಲಿಲ್ಲ.

ಕೀರ್ತಿ ಹುಟ್ಟಿದ್ದು ನಂಜನಗೂಡಿನಿಂದ ಆಚೆಯ ಒಂದು ಸಣ್ಣ ಊರಿನಲ್ಲಿ. ಮನೆಯಲ್ಲಿ ಅವಳಿಗಿಂತ ಮುಂಚೆ ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿದಳು. ಭೌತಶಾಸ್ತ್ರ ಅವಳಿಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಅಲ್ಲಿ ಯಾರು ಅಳೆದರೂ ಉತ್ತರ ಒಂದೇ ಬರಬೇಕು. ಅಳೆಯುವವರು ಯಾರ ಮಗಳು ಎಂದು ಮಾಪಕ ಕೇಳುವುದಿಲ್ಲ. ಆಮೇಲೆ ಸಿಕ್ಕ ಕೆಲಸವೂ ಅದೇ ಆಯಿತು. ಕೊಳವೆಗಳೊಳಗಿನ ಒತ್ತಡ ತೋರಿಸುವ ಗೇಜುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಒಂದೊಂದನ್ನೇ ಪರೀಕ್ಷಿಸಿ ಚೀಟಿ ಅಂಟಿಸುವುದು. ದಿನಕ್ಕೆ ಅರವತ್ತು ಗೇಜು.

ಕತೆ ಬರೆಯುವ ಹುಚ್ಚು ಹತ್ತಿದ್ದು ಮಗಳು ತನ್ಮಯಿ ಹುಟ್ಟಿದ ವರ್ಷ. ಮಗು ಮಲಗಿದಾಗ ಹೊತ್ತು ಹೋಗದೆ, ಗೇಜಿನ ಮುಳ್ಳು ತನ್ನಷ್ಟಕ್ಕೆ ತಾನು ಸೊನ್ನೆಗೆ ಇಳಿಯುತ್ತಾ ಹೋಗುವ ಒಂದು ಹಡಗನ್ನು ಕಲ್ಪಿಸಿಕೊಂಡಳು. ಹಡಗು ಆಕಾಶದಲ್ಲಿತ್ತು. ಅದರಲ್ಲಿ ಡಾಕ್ಟರ್ ವಿಕ್ರಾಂತ್ ಎಂಬ ವಿಜ್ಞಾನಿ ಇದ್ದ. ಅವನು ಅಪಾಯ ಬಂದಾಗಲೆಲ್ಲ ಕೆಂಪು ಗುಂಡಿ ಒತ್ತುತ್ತಿದ್ದ. ‘ಎಚ್ಚರಿಕೆ! ಗುರುತ್ವಾಕರ್ಷಣ ಬಲವು ಕ್ಷೀಣಿಸುತ್ತಿದೆ!’ ಎಂದು ಕೂಗುತ್ತಿದ್ದ. ಬರೆದು ಆರು ತಿಂಗಳಾದ ಮೇಲೆ ಓದಿ ನೋಡಿದರೆ ಅವಳಿಗೇ ನಾಚಿಕೆಯಾಯಿತು. ತೇಲತೊಡಗಿದ ಮನುಷ್ಯನ ತಲೆ ಅಷ್ಟುದ್ದದ ಮಾತು ಮುಗಿಯುವ ಮೊದಲೇ ಚಾವಣಿಗೆ ಬಡಿದಿರುತ್ತದೆ. ವಿಕ್ರಾಂತ್ ಹತ್ತನೇ ತರಗತಿಯ ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದ. ಅವನಿಗೆ ಹಸಿವಾಗುತ್ತಿರಲಿಲ್ಲ, ಅವನು ಯಾರನ್ನೂ ಬೈಯುತ್ತಿರಲಿಲ್ಲ. ಅವನಿಗೆ ಊರೇ ಇರಲಿಲ್ಲ.

ಪತ್ರಿಕೆಗಳಿಗೆ ಕಳಿಸಿದಳು. ಒಂದು ಕತೆಯನ್ನು ಒಂದು ಕಡೆಯವರು, ‘ವಿಜ್ಞಾನ ಜಾಸ್ತಿಯಾಯಿತು, ಕತೆ ಸಾಲದು’ ಎಂದು ವಾಪಸು ಕಳಿಸಿದರು. ಒಂದಕ್ಷರ ಬದಲಾಯಿಸದೆ ಅದೇ ಕತೆಯನ್ನು ಇನ್ನೊಂದು ಕಡೆಗೆ ಕಳಿಸಿದರೆ, ‘ಕತೆಯೇನೋ ಇದೆ, ವಿಜ್ಞಾನ ಎಲ್ಲಿದೆ?’ ಎಂದರು. ಮೂರನೆಯವರು ಉತ್ತರವನ್ನೇ ಬರೆಯಲಿಲ್ಲ. ಎರಡು ಕಡೆ ಮಾತ್ರ ದಯೆತೋರಿ ಮಕ್ಕಳ ಪುಟದಲ್ಲಿ ಹಾಕಿಕೊಂಡರು, ಪಕ್ಕದಲ್ಲಿ ಹಾರುವ ತಟ್ಟೆಯ ಚಿತ್ರದೊಂದಿಗೆ. ಅವಳ ಕತೆಯಲ್ಲಿ ಹಾರುವ ತಟ್ಟೆ ಇರಲೇ ಇಲ್ಲ.

ಕಾರ್ಖಾನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ.

“ಈ ಕತೇಲಿ ಏಲಿಯನ್ ಬರ್ತದಾ ಮೇಡಂ?”

“ಇಲ್ಲ.”

“ಮತ್ತೆ ಏನು ಬರ್ತದೆ?”

“ಗಾಳಿ ಕೆಟ್ಟುಹೋಗ್ತದೆ. ಜನ ಉಸಿರಾಡೋಕೆ ಒದ್ದಾಡ್ತಾರೆ.”

“ಅದಕ್ಕೆ ಚಂದ್ರನ ತಂಕ ಯಾಕ್ ಹೋಗ್ಬೇಕು? ನಮ್ಮ ಮೋಲ್ಡಿಂಗ್ ಶೆಡ್ಡಿಗೆ ಬನ್ನಿ, ತೋರಿಸ್ತೀನಿ.”

ಹೂಟಗಳ್ಳಿಯ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಮೇಲೆ ತನ್ಮಯಿಯ ಹೋಂವರ್ಕು. ಹಾಗಾಗಿ ಕೀರ್ತಿ ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿನ ಪಕ್ಕ ನಿಂತುಕೊಂಡೇ ಬರೆಯುತ್ತಿದ್ದಳು. ಎರಡು ವರ್ಷದಿಂದ ಅವಳನ್ನು ಕಾಡಿದ್ದು ಒಂದು ಬಾಗಿಲು. ಚಂದ್ರನ ಮೇಲೆ ಗಾಳಿ ಇರುವ ಕಡೆಯಿಂದ ಗಾಳಿ ಇಲ್ಲದ ಕಡೆಗೆ ಹೋಗಬೇಕಾದರೆ ನಡುವೆ ಎರಡು ಬಾಗಿಲಿನ ಒಂದು ಗೂಡು ಬೇಕು. ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಏರ್‌ಲಾಕ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನುವುದು? ‘ವಾಯುಬಂಧ’ ಎಂದು ಬರೆದಳು. ಹೊಟ್ಟೆಯ ಕಾಯಿಲೆಯ ಹಾಗೆ ಕೇಳಿಸಿತು. ‘ಗಾಳಿಬೀಗ’ ಅಂದಳು. ಬೀಗದಂಗಡಿಯ ಬೋರ್ಡಿನ ಹಾಗಿತ್ತು. ಏರ್‌ಲಾಕ್ ಎಂದೇ ಇಟ್ಟರೆ ವಿಕ್ರಾಂತ್ ಎಲ್ಲಿಂದಲೋ ಓಡಿಬಂದು ಕೆಂಪು ಗುಂಡಿ ಒತ್ತುತ್ತಿದ್ದ.

ಒಂದು ಭಾನುವಾರ ಹೀಗೆ ಗೊಣಗುತ್ತಿದ್ದಾಗ, ಹೊಸ್ತಿಲ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದ ಮಾವ ಮಹದೇವಯ್ಯನವರು ತಲೆ ಎತ್ತಿದರು. ಗಂಡ ಶಿವರಾಮುವಿನ ತಂದೆ. ಊರಿನ ದೊಡ್ಡಕೆರೆಗೆ ಮೂವತ್ತೆಂಟು ವರ್ಷ ನೀರಗಂಟಿಯಾಗಿದ್ದವರು. ಅತ್ತೆ ಹೋದ ಮೇಲೆ ಮಗನ ಮನೆಗೆ ಬಂದಿದ್ದರು.

“ಏನವ್ವ ಅದು, ಬೆಳಗಿಂದ ಬಾಗ್ಲು ಬಾಗ್ಲು ಅಂತ ಒದ್ದಾಡ್ತಾ ಇದ್ದೀಯೆ?”

ಅವಳು ವಿವರಿಸಿದಳು. ಕೊಳವೆ, ಒತ್ತಡ, ಎರಡು ಬಾಗಿಲು, ಎಲ್ಲವನ್ನೂ. ಮುದುಕರಿಗೆ ಏನು ಅರ್ಥವಾಗುತ್ತದೆ ಎಂಬ ಬೇಸರದಿಂದಲೇ ಹೇಳಿದಳು.

“ಈ ಕಡೆ ತುಂಬ್ಕೊಂಡಿರದ ಆ ಕಡೆಗೆ ಅಳತೆಯಾಗಿ ಬುಡೋದು. ಅಷ್ಟೇ ತಾನೆ?”

“ಹೂಂ ಮಾವ.”

“ತೂಬು ಅನ್ನು ಮತ್ತೆ. ಅದಕ್ಯಾಕೆ ಈಪಾಟಿ?”

ಕೀರ್ತಿಯ ಕೈಯಲ್ಲಿದ್ದ ಪೆನ್ನು ನಿಂತಿತು. ತೂಬು. ಕೆರೆ ಏರಿಯ ಕೆಳಗೆ ಕಲ್ಲಿನ ತೂತು, ಅದಕ್ಕೊಂದು ಬಿರಡೆ. ಎತ್ತಿದರೆ ನೀರು, ಇಳಿಸಿದರೆ ಇಲ್ಲ.

“ಅದ ಎತ್ತೋರು ಯಾರು?” ಮಹದೇವಯ್ಯ ಕೇಳಿದರು.

“ಕಂಪ್ಯೂಟರ್ ಮಾವ.”

“ಕರೆಂಟ್ ಹೋದ್ರೆ?”

ಅವತ್ತು ಸಾಂಬಾರು ತಳ ಹಿಡಿಯಿತು. ಗಾಳಿಗಂಟಿ ಹುಟ್ಟಿದ. ಅವನಿಗೆ ಕೆಮ್ಮು ಇತ್ತು, ಮೂರು ಮಕ್ಕಳಿದ್ದರು, ಮುನಿಸಿಕೊಳ್ಳುವ ಹೆಂಡತಿ ಇದ್ದಳು. ಅವನು ಬಂದ ಮೇಲೆ ಎಂಟು ವರ್ಷದಿಂದ ಬಾಯಿ ಕಟ್ಟಿದ್ದ ಜನರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ‘ತೂಬು ಬುಡ್ರಪ್ಪಾ, ಮಗೀಗೆ ಉಸಿರು ಕಟ್ತಾ ಅದೆ’ ಎಂದು ಚಂದ್ರನ ಮೇಲಿನ ಹೆಂಗಸೊಬ್ಬಳು ಕೂಗಿದಾಗ ಕೀರ್ತಿ ಒಲೆ ಮುಂದೆ ನಿಂತು ಒಬ್ಬಳೇ ನಕ್ಕಳು. ಬರೆಯುವುದರಲ್ಲಿ ಇಂಥದೊಂದು ಸುಖವಿದೆ ಎಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹತ್ತೊಂಬತ್ತು ದಿನದಲ್ಲಿ ಕತೆ ಮುಗಿಯಿತು.

ಮುಗಿಯಿತು ಅಂದುಕೊಂಡಳು. ಓದಿ ಹೇಳಿದಾಗ ಮಾವ ಒಪ್ಪಲಿಲ್ಲ.

“ಗಾಳಿ ಕಮ್ಮಿ ಆದಾಗ ಹತ್ತು ಹಟ್ಟಿಗೂ ಸಮವಾಗಿ ಬುಟ್ಟ ಅಂತ ಬರ್ದಿದ್ದೀಯಲ್ಲ. ಯಾವ ನೀರಗಂಟಿ ಅಂಗ್ ಮಾಡ್ತಾನೆ?”

“ಸಮವಾಗಿ ಹಂಚೋದು ನ್ಯಾಯ ಅಲ್ವಾ ಮಾವ?”

“ಪೇಪರ್ ಮೇಲೆ ನ್ಯಾಯ. ಕಾಲುವೇಲಿ ಓಯ್ತಾ ಓಯ್ತಾ ಸೋರೋಗ್ತದೆ, ಕಡೇ ಗದ್ದೆಗೆ ಏನೂ ಬರಕಿಲ್ಲ. ಬರಗಾಲ್ದಲ್ಲಿ ಮೊದ್ಲು ಕಡೇ ಗದ್ದೆಗೆ ಬುಡ್ಬೇಕು. ತೂಬಿನ ಪಕ್ಕದ ಗದ್ದೆಯೋನ ಬಗ್ಗೆ ಯೋಚ್ನೆ ಮಾಡ್ಬೇಡ. ಅವನು ಎಂಗಾದ್ರೂ ಕದ್ದು ಕಟ್ಕೊತಾನೆ.”

ಲ್ಯಾಬಿನ ಕಾಗದದ ಮೇಲೆ ಕೊಳವೆಯ ಉದ್ದ, ಸೋರಿಕೆ ಹಾಕಿ ನೋಡಿದಳು. ಮಾವ ಹೇಳಿದ್ದೇ ಸರಿ. ಕೊನೆಯ ನಾಲ್ಕು ಪುಟ ಹರಿದು ಮತ್ತೆ ಬರೆದಳು. ಮತ್ತೆ ಓದಿದಳು. ಮುದುಕರು ಮತ್ತೆ ತಪ್ಪು ತೆಗೆದರು. ಮೂರು ಸಲ. ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಅವಳನ್ನು ಯಾರೂ ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ.

ಗಂಡ ಶಿವರಾಮು ಮಾತ್ರ ಈ ಯಾವುದಕ್ಕೂ ಬರಲಿಲ್ಲ. ಅವನು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಒಂದೇ ಒಂದು ಸಲ, ಅಂಗಿಗೆ ಇಸ್ತ್ರಿ ಹಾಕುತ್ತಾ, “ಅಪ್ಪನ ಕೆಲಸದ ವಿಷಯ ಏನಾದ್ರೂ ಅದ್ರಲ್ಲಿ ಇದೆಯಾ?” ಎಂದು ಕೇಳಿದ್ದ. ಇದೆ ಅಂದಳು. ಅವನು ಕಾಲರನ್ನು ತಿರುಗಿಸಿ ಇಸ್ತ್ರಿ ಮುಂದುವರಿಸಿದ್ದ.

ಅಂಥ ಕತೆಗೆ ಈಗ ಗಂಟೆ ಕಟ್ಟಿದ್ದರು.

ಕ್ಯಾಂಟೀನಿನಿಂದ ಹೊರಗೆ ಬಂದು ಸಂಕಲನದ ಸಂಪಾದಕರಿಗೆ ಫೋನು ಮಾಡಿದಳು. ರವಿಚಂದ್ರ ಎಂದು ಅವರ ಹೆಸರು. ನಿವೃತ್ತ ಪ್ರಿನ್ಸಿಪಾಲರು, ಒಳ್ಳೆಯವರು, ಎಲ್ಲವನ್ನೂ ನಿಧಾನವಾಗಿ ಹೇಳುವವರು.

“ಓ, ಅದು ಗಂಟೆ ಅಲ್ವಾ?” ಅಂದರು. “ನಾನು ಗಂಟೆ ಆಕಾರದ ಯಾವುದೋ ರೋಬೋ ಇರಬೇಕು ಅಂದ್ಕೊಂಡೆ ಕಣಮ್ಮ. ವೈಜ್ಞಾನಿಕ ಕತೆ ನೋಡಿ, ಇರುತ್ತೆ ಬಿಡು ಅಂತ.”

“ಸರ್, ರೋಬೋಗೆ ಮೂರು ಮಕ್ಕಳಿರ್ತಾರಾ?”

“ಅದೂ ಒಂದು ಹೊಸತನ ಅಂದ್ಕೊಂಡೆ.”

ಕೀರ್ತಿ ಕಣ್ಣು ಮುಚ್ಚಿಕೊಂಡು ಹತ್ತು ಎಣಿಸಿದಳು. ಆಮೇಲೆ ಗಾಳಿಗಂಟಿ ಎಂದರೆ ಏನೆಂದು ಹೇಳಿದಳು. ಅವರು ಎಂದಿನ ನಿಧಾನದಲ್ಲೇ ಹೇಳಿದರು. “ನೀರಗಂಟಿ ಗೊತ್ತು. ನಮ್ಮೂರಲ್ಲೂ ಇದ್ರು. ಆದ್ರೆ ಚಂದ್ರನ ಮೇಲೆ ನೀರಗಂಟಿ ಅಂದ್ರೆ... ಓದೋರಿಗೆ ಹಿಂದಕ್ಕೆ ಹೋದ ಹಾಗಾಗಲ್ವಾ? ಭವಿಷ್ಯದ ಕತೆ ಇದು. ಇರಲಿ, ನೀವು ತಿದ್ದಿ ಕಳಿಸಿ, ನಾನೂ ಯೋಚನೆ ಮಾಡ್ತೀನಿ.”

ಅವಳು ತಿದ್ದಿ ಕಳಿಸಿದಳು. ಅವರು ಯೋಚನೆ ಮಾಡಿದರು.

ಶನಿವಾರ ಸಂಜೆ ಪಾಳಿ ಮುಗಿಸಿ ಲಾಕರಿನಿಂದ ಫೋನು ತೆಗೆದಾಗ ಎರಡನೇ ಪ್ರೂಫು ಬಂದು ಕೂತಿತ್ತು. ಲ್ಯಾಬಿನೊಳಗೆ ಫೋನು ಒಯ್ಯುವಂತಿಲ್ಲ. ಕಂಪನಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೆರೆದಳು. ‘ಬೆಳಗಿನ ಪಾಳಿಗೆ ವಾಯು ವಿತರಣಾಧಿಕಾರಿ ತೂಬಿನ ಹತ್ತಿರ ಬಂದು ಕೆಮ್ಮಿದರು.’

ನಲವತ್ತಮೂರು ಕಡೆಯೂ ವಾಯು ವಿತರಣಾಧಿಕಾರಿ. ಕೆಳಗೆ ರವಿಚಂದ್ರರ ಸಂದೇಶ: ‘ನಿಮ್ಮ ಫೋನು ಸಿಗಲಿಲ್ಲ. ಯಜಮಾನರ ನಂಬರಿಗೆ ಮಾಡಿದ್ದೆ. ಅವರಿಗೂ ಈ ಬದಲಾವಣೆ ತುಂಬ ಹಿಡಿಸಿತು. ಸಂತೋಷ.’

ಹಸ್ತಪ್ರತಿಯ ಕೊನೆಯಲ್ಲಿ ಅವಳೇ ಎರಡು ನಂಬರು ಬರೆದಿದ್ದಳು. ರೇಷನ್ ಕಾರ್ಡಿನಿಂದ ಹಿಡಿದು ಗ್ಯಾಸಿನ ಅರ್ಜಿಯವರೆಗೆ ಎಲ್ಲ ಕಡೆಯೂ ಗಂಡನ ನಂಬರು ಬರೆದು ಬರೆದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಕತೆಗೂ ಬರೆದಿದ್ದಳು.

ಮನೆಗೆ ಬಂದಾಗ ಶಿವರಾಮು ಸೊಪ್ಪು ಬಿಡಿಸುತ್ತಿದ್ದ. ಎರಡನೇ ಶನಿವಾರ, ಅವನಿಗೆ ರಜೆ. ಕೋಣೆಯಲ್ಲಿ ಮಹದೇವಯ್ಯನವರ ಟಿವಿ ಜೋರಾಗಿತ್ತು.

“ರವಿಚಂದ್ರ ಸರ್ ಫೋನ್ ಮಾಡಿದ್ರಾ?”

“ಮಾಡಿದ್ರು.”

“ಏನಂದ್ರಿ?”

“ಒಳ್ಳೇದು, ಬದಲಾಯಿಸಿ ಅಂದೆ. ಅಧಿಕಾರಿ ಅಂದ್ರೆ ಗೌರವವಾಗಿರುತ್ತೆ.”

“ಅದು ನನ್ನ ಕತೆ ಅಲ್ವಾ? ಸಂಜೆ ತನಕ ಕಾಯಿರಿ, ಅವಳನ್ನೇ ಕೇಳಿ ಅನ್ನೋಕೆ ನಿಮಗೆ ಏನಾಗಿತ್ತು?”

“ಒಂದು ಪದಕ್ಕೆ ಯಾಕೆ ಇಷ್ಟು ರಂಪ ಮಾಡ್ತೀಯ?”

“ಒಂದು ಪದ! ಎಂಟು ವರ್ಷ ಹುಡುಕಿದ್ದೀನಿ ಕಣ್ರೀ ಆ ಒಂದು ಪದಾನ. ಬೇರೆಯವರು ಕೆಡಿಸಿದ್ರೆ ಹೋಗ್ಲಿ, ತಿದ್ದಿಸ್ಬಹುದು. ಮನೆಯಲ್ಲಿರೋರೇ ಮಾರಿಬಂದ್ರೆ ಯಾರ ಹತ್ರ ಹೇಳ್ಲಿ?”

ಶಿವರಾಮು ಸೊಪ್ಪಿನ ಕಟ್ಟನ್ನು ಕೆಳಗಿಟ್ಟ.

“ಸ್ಕೂಲಲ್ಲಿ ನನಗೆ ಹೆಸರೇ ಇರ್ಲಿಲ್ಲ, ಗೊತ್ತಾ ನಿನಗೆ? ಹಾಜರಿ ಕೂಗುವಾಗಲೂ ‘ಏ ನೀರಗಂಟಿ’ ಅಂತಲೇ ಕರೀತಿದ್ರು. ನೀರಗಂಟಿ ಹಿಂದೆ ಕೂತ್ಕೊ. ನೀರಗಂಟಿ ಬೋರ್ಡ್ ಒರೆಸು. ಹೈಸ್ಕೂಲಿಗೆ ಹೋದ್ರೆ ಅಲ್ಲಿಗೂ ಬಂತು. ಅದನ್ನ ಕಳ್ಕೊಳ್ಳೋಕೆ ಅಂತಲೇ ಓದ್ದೆ, ಪರೀಕ್ಷೆ ಬರೆದೆ, ಈ ಊರಿಗೆ ಬಂದೆ. ನೀನು ಅದನ್ನ ಚಂದ್ರನ ಮೇಲಕ್ಕೂ ಕಳಿಸ್ಬುಟ್ಟೆ. ನಾಳೆ ನಮ್ಮ ಆಫೀಸಿನೋರು ಪುಸ್ತಕ ತಗೊಂಡು ಓದ್ತಾರೆ. ಇದು ಯಾರ ಮನೆ ಮಾತು ಅಂತ ಅವರಿಗೆ ಗೊತ್ತಾಗಲ್ವಾ?”

ಅವಳ ಸಿಟ್ಟು ಇಳಿಯಲಿಲ್ಲ. ಇವನು ಹೇಳುತ್ತಿರುವುದೂ ನಿಜ, ತನಗಾದದ್ದೂ ಅನ್ಯಾಯವೇ. ಎರಡೂ ಒಂದೇ ಅಡುಗೆಮನೆಯಲ್ಲಿ ಎದುರುಬದುರು ನಿಂತಿದ್ದವು. ಒಳಗೆ ಟಿವಿಯ ಸದ್ದು ಯಾವಾಗಲೋ ನಿಂತುಹೋಗಿತ್ತು.

ಮರುದಿನ ಬೆಳಗ್ಗೆ ಮಹದೇವಯ್ಯನವರೇ ಅವಳನ್ನು ಕರೆದರು. ಹೊಸ್ತಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ಶಿವರಾಮು ಕಾಂಪೌಂಡಿನಲ್ಲಿ ಸ್ಕೂಟರ್ ಒರೆಸುತ್ತಿದ್ದ.

“ಅದೇನೋ ಬದ್ಲಾಯಿಸವ್ರಂತಲ್ಲ. ಓದವ್ವ, ಕೇಳೋವ.”

ಅವಳು ಕೊನೆಯ ಪುಟ ಓದಿದಳು. ಕತೆಯಲ್ಲಿ ಕರೆಂಟು ಹೋಗಿ ಕಡೇ ಹಟ್ಟಿಯ ತೂಬು ಸಿಕ್ಕಿಕೊಂಡಿರುತ್ತದೆ. ಯಾರಾದರೂ ಒಳಗೆ ಇಳಿದು ಕೈಯಲ್ಲೇ ಎತ್ತಬೇಕು. ಎತ್ತಿದವನು ಎರಡು ಬಾಗಿಲ ನಡುವೆ ಉಳಿದುಹೋಗಬಹುದು. ‘ವಾಯು ವಿತರಣಾಧಿಕಾರಿ ಯಾರಿಗೂ ಹೇಳದೆ ತೂಬಿನೊಳಗೆ ಇಳಿದರು,’ ಎಂದು ಓದಿದಳು.

“ನಿಲ್ಸು,” ಅಂದರು ಮಹದೇವಯ್ಯ. “ಅಧಿಕಾರಿ ಅಂದ್ರೆ ಆಫೀಸರ್ ತಾನೆ?”

“ಹೂಂ.”

“ಆಫೀಸರು ಯಾಕವ್ವ ತೂಬಿಗೆ ಇಳೀತಾನೆ? ಮೂವತ್ತೆಂಟು ವರ್ಸ ನೋಡಿವ್ನಿ. ಆಫೀಸರು ಏರಿ ಮ್ಯಾಲೆ ನಿಂತ್ಕೊಂಡು ಕೊಡೆ ಹಿಡಿಸ್ಕೊತಾನೆ. ‘ಯಾರಪ್ಪ ಇಲ್ಲಿ ನೀರಗಂಟಿ, ಇಳಿ’ ಅಂತಾನೆ. ಇವನು ಇಳ್ದ ಅಂದ್ರೆ ಕತೆ ಸುಳ್ಳಾಯ್ತದೆ. ಇಳೀನಿಲ್ಲ ಅಂದ್ರೆ ಆ ಹಟ್ಟಿಯೋರೆಲ್ಲ ಸತ್ತೋಯ್ತರೆ. ಯಾವುದ್ ಮಾಡೀಯೆ ಮಾಡು.”

ಕೀರ್ತಿ ಅವರ ಮುಖವನ್ನೇ ನೋಡಿದಳು. ಇಡೀ ರಾಜ್ಯದಲ್ಲಿ ಇಷ್ಟು ಸರಿಯಾಗಿ ವಿಮರ್ಶೆ ಮಾಡುವವರು ಒಬ್ಬರಿದ್ದರೆ ಅವರು ಅಕ್ಷರ ಬಾರದೆ ತನ್ನ ಮನೆಯ ಹೊಸ್ತಿಲ ಮೇಲೆ ಕೂತಿದ್ದಾರೆ ಎಂದು ಅವಳಿಗೆ ನಗು ಬಂತು, ಅಳುವೂ ಬಂತು. ಕಾಂಪೌಂಡಿನಲ್ಲಿ ಸ್ಕೂಟರ್ ಒರೆಸುವ ಬಟ್ಟೆ ಒಂದೇ ಜಾಗದಲ್ಲಿ ತಿರುಗುತ್ತಿತ್ತು.

ಮಧ್ಯಾಹ್ನ ಅವಳು ಬಟ್ಟೆ ಒಗೆದು ಒಳಗೆ ಬಂದಾಗ ಫ್ರಿಜ್ಜಿನ ಮೇಲೆ ಇಟ್ಟಿದ್ದ ಹಸ್ತಪ್ರತಿ ಅಲ್ಲಿರಲಿಲ್ಲ. ಸಂಜೆ ನೋಡಿದರೆ ಇತ್ತು. ಅವಳು ಕೇಳಲಿಲ್ಲ. ಕೇಳುವಷ್ಟು ತಾಳ್ಮೆ ಉಳಿದಿರಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿದಳು. ಬಸ್ ಸ್ಟಾಪಿನ ಕಡೆ ಹೊರಟವಳ ಪಕ್ಕದಲ್ಲಿ ಶಿವರಾಮುವಿನ ಸ್ಕೂಟರ್ ಬಂದು ನಿಂತಿತು. “ಹತ್ತು. ನಾನೂ ಆ ಕಡೆಗೇ ಹೋಗ್ಬೇಕು.” ಅವನ ಆಫೀಸು ಆ ಕಡೆ ಇರಲಿಲ್ಲ. ಅವಳು ಹಿಂದೆ ಹತ್ತಿ ಕೂತಳು.

ಪ್ರಕಾಶನದ ಕಚೇರಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಒಂದು ಕಂಪ್ಯೂಟರು, ಕಟ್ಟುಕಟ್ಟು ಪುಸ್ತಕ. ಕಂಪ್ಯೂಟರಿನ ಮುಂದೆ ಚಂದ್ರು ಎಂಬ ಐವತ್ತು ದಾಟಿದ ಡಿಟಿಪಿಯವರು ಕೂತಿದ್ದರು. ಇಪ್ಪತ್ತೈದು ವರ್ಷದಿಂದ ಬೇರೆಯವರ ಕಾಗುಣಿತ ತಿದ್ದುತ್ತಾ ಬಂದವರು. ಇವಳನ್ನು ಕಂಡ ತಕ್ಷಣ, “ಗಂಟೆ ಮೇಡಂ ಬಂದ್ರು,” ಅಂದರು. “ತಪ್ಪು ತಿಳ್ಕೋಬೇಡಿ. ಗಂಟಿ ಅಂತ ನಮ್ಮ ಕಂಪ್ಯೂಟರಿನ ನಿಘಂಟಿನಲ್ಲಿ ಇಲ್ಲ. ಕೆಳಗೆ ಕೆಂಪು ಗೆರೆ ಬರ್ತಿತ್ತು.”

ರವಿಚಂದ್ರರು ಕನ್ನಡಕ ಮೇಲೆತ್ತಿದರು. “ಏನಮ್ಮ, ಹನ್ನೊಂದಕ್ಕೆ ಫೈಲು ಕಳಿಸಬೇಕು. ನಿಮ್ಮ ಯಜಮಾನರು ಒಪ್ಪಿದಾರಲ್ಲ?”

“ಕತೆ ನನ್ನದು ಸರ್. ಅಧಿಕಾರಿ ಬೇಡ.”

“ಅಡಿಟಿಪ್ಪಣಿ ಹಾಕೋಣ. ಅಧಿಕಾರಿ ಅಂತಲೇ ಇಟ್ಟು, ಕೆಳಗೆ, ‘ಹಳ್ಳಿಗಳಲ್ಲಿ ನೀರಗಂಟಿ ಇದ್ದಂತೆ’ ಅಂತ.”

“ಸರ್, ನೀವು ಹದಿನೈದು ವರ್ಷ ಪ್ರಿನ್ಸಿಪಾಲರಾಗಿದ್ದಿರಿ. ಕಾಲೇಜಿನ ನೀರಿನ ಟ್ಯಾಂಕ್ ಕಟ್ಟಿಕೊಂಡಾಗ ಒಂದು ದಿನವಾದ್ರೂ ನೀವು ಒಳಗೆ ಇಳಿದಿದ್ದೀರಾ?”

ಚಂದ್ರು ಕೆಮ್ಮುವ ನೆಪದಲ್ಲಿ ನಕ್ಕರು.

“ನನ್ನ ಕತೆಯ ಕೊನೆಗೆ ಒಬ್ಬ ಮನುಷ್ಯ ಇಳೀತಾನೆ ಸರ್,” ಅಂದಳು ಕೀರ್ತಿ. ಅವಳ ದನಿ ಏರುತ್ತಿತ್ತು, ತಡೆಯಲು ಆಗಲಿಲ್ಲ. “ಯಾರು ಇಳೀತಾರೆ ಅನ್ನೋದೇ ಕತೆ. ಅಧಿಕಾರಿ ಅಂತ ಹಾಕಿದ್ರೆ ಓದೋರು ಯಾರೂ ನಂಬಲ್ಲ. ಗುರುತ್ವಾಕರ್ಷಣೆ, ಒತ್ತಡ, ಸೋರಿಕೆ, ಎಲ್ಲಾ ಸರಿಯಾಗಿ ಅಳೆದು ಬರ್ದಿದ್ದೀನಿ. ಅಷ್ಟೆಲ್ಲ ಮಾಡಿ ಈ ಒಂದು ಸುಳ್ಳಿಗೆ ಇಡೀ ಕತೆ ಬಿದ್ದುಹೋಗುತ್ತೆ. ಹಾಗೆ ಅಚ್ಚಾಗೋದಾದ್ರೆ ಕತೆ ವಾಪಸ್ ಕೊಟ್ಟುಬಿಡಿ ಸರ್.”

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಎಂಟು ವರ್ಷದ ಮೇಲೆ ಬಂದ ಪುಸ್ತಕ. ಇವರು ಸರಿ, ತಗೊಂಡು ಹೋಗಿ ಅಂದುಬಿಟ್ಟರೆ?

ರವಿಚಂದ್ರರು ಮೇಜಿನ ಮೇಲಿನ ಪ್ರೂಫಿನ ಕೊನೆಯ ಪುಟ ತೆಗೆದು ನೋಡಿದರು. ಆಮೇಲೆ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ ಶಿವರಾಮುವಿನ ಕಡೆ ತಿರುಗಿದರು. “ಏನ್ರೀ, ಶನಿವಾರ ನೀವೇ ಬದಲಾಯಿಸಿ ಅಂದಿರಿ?”

“ಶನಿವಾರ ನೀವು ನನ್ನ ಕೇಳಿದ್ದೂ ತಪ್ಪು, ನಾನು ಹೇಳಿದ್ದೂ ತಪ್ಪು ಸಾರ್,” ಅಂದ ಶಿವರಾಮು. “ಅವಳು ಹೇಳ್ದಂಗೆ ಮಾಡಿ.”

“ಟ್ಯಾಂಕಿಗೆ ನಾನು ಇಳಿದಿಲ್ಲಪ್ಪ, ಅದಂತೂ ನಿಜ,” ಎಂದರು ರವಿಚಂದ್ರ, ಯಾರಿಗೋ ಸಾಕ್ಷಿ ಹೇಳುವವರ ಹಾಗೆ. “ಚಂದ್ರು, ಹಾಕ್ರೀ ಗಂಟೀನ.”

ಚಂದ್ರು ಎರಡು ಗುಂಡಿ ಒತ್ತಿದರು. ‘ನಲವತ್ತಮೂರು ಕಡೆ ಬದಲಾಯಿಸಲಾಗಿದೆ’ ಎಂದು ಪರದೆ ಹೇಳಿತು. ಎಂಟು ವರ್ಷದ ಕೆಲಸ, ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ. ಕೀರ್ತಿ ಬಗ್ಗಿ ಮೊದಲ ವಾಕ್ಯ ಓದಿದಳು. ‘ಬೆಳಗಿನ ಪಾಳಿಗೆ ಗಾಳಿಗಂಟಿ ತೂಬಿನ ಹತ್ತಿರ ಬಂದು ಕೆಮ್ಮಿದರು.’

“ಅಯ್ಯೋ, ‘ಕೆಮ್ಮಿದರು’ ಅಲ್ಲ ಚಂದ್ರು ಅವರೇ, ‘ಕೆಮ್ಮಿದ’. ಅಧಿಕಾರಿ ಮಾಡಿದಾಗ ಕ್ರಿಯಾಪದ ಎಲ್ಲಾ ಬಹುವಚನ ಮಾಡಿಬಿಟ್ಟಿದ್ದೀರಿ.”

“ಅಧಿಕಾರಿನ ಬಂದ ಹೋದ ಅನ್ನೋಕಾಗುತ್ತಾ ಮೇಡಂ? ಇದನ್ನ ಹುಡುಕಿ ಬದಲಾಯಿಸೋಕೆ ಬರಲ್ಲ. ಬಂದರು, ಹೋದರು, ಕೂತರು, ಒಂದೊಂದೂ ಕೈಯಲ್ಲೇ ಆಗ್ಬೇಕು. ಹನ್ನೊಂದಕ್ಕೆ ಇನ್ನು ಮುಕ್ಕಾಲು ಗಂಟೆ ಇದೆ.”

“ಕೂತ್ಕೊಳ್ಳಿ, ನಾನು ಓದ್ತೀನಿ, ನೀವು ತಿದ್ದಿ.”

“ಅದು ಹಂಗೇ ಇರ್ಲಿ,” ಅಂದ ಶಿವರಾಮು ಬಾಗಿಲಿನಿಂದ.

ಕೀರ್ತಿ ತಿರುಗಿದಳು. “ಏನು?”

“‘ರು’ ಇರ್ಲಿ. ಗಾಳಿಗಂಟಿ ಬಂದರು. ಗಾಳಿಗಂಟಿ ಇಳಿದರು.”

ಅವಳಿಗೆ ಮತ್ತೆ ರೇಗಿತು. ಈಗ ತಾನೆ ಒಂದು ಗೆದ್ದಿದ್ದಳು, ಉಸಿರು ಬಿಡುವ ಮೊದಲೇ ಇನ್ನೊಂದು. “ನೀರಗಂಟಿಗೆ ಊರಲ್ಲಿ ಯಾರಾದ್ರೂ ‘ಬಂದರು’ ಅಂತಾರಾ ರೀ? ಸಹಜವಾಗಿರಲ್ಲ.”

“ಚಂದ್ರನ ಮೇಲೆ ಹತ್ತು ಹಟ್ಟಿ ಇರೋದು ಸಹಜವಾಗಿದೆಯಾ?” ಶಿವರಾಮು ಒಳಗೆ ಬಂದ. “ಮನುಷ್ಯರ ತೂಕ ಆರರಲ್ಲಿ ಒಂದು ಪಾಲು ಮಾಡಿದ್ದೀಯ. ಹದಿನಾಲ್ಕು ದಿನ ಹಗಲು, ಹದಿನಾಲ್ಕು ದಿನ ಕತ್ತಲೆ ಮಾಡಿದ್ದೀಯ. ಆ ಕಲ್ಲುನೆಲದಲ್ಲಿ ರಾಗಿ ಬೆಳೆಸಿದ್ದೀಯ. ಎಲ್ಲಾ ಬದಲಾಯಿಸೋಕೆ ಬಂತು, ಇದೊಂದು ಬದಲಾಯಿಸೋಕೆ ಬರಲಿಲ್ವಾ ನಿನಗೆ?”

ಹಸ್ತಪ್ರತಿ ನಿನ್ನೆ ಫ್ರಿಜ್ಜಿನ ಮೇಲಿಂದ ಎಲ್ಲಿಗೆ ಹೋಗಿತ್ತು ಎಂಬುದು ಕೀರ್ತಿಗೆ ಈಗ ತಿಳಿಯಿತು. ಅವನು ಓದಿದ್ದ. ರಾಗಿ ಬರುವುದು ಹನ್ನೊಂದನೇ ಪುಟದಲ್ಲಿ. ಅಷ್ಟು ದೂರ ಓದಿ, ಅವಳೂ ಮಾವನೂ ಸಂಪಾದಕರೂ ಯಾರೂ ಕಾಣದೆ ಬಿಟ್ಟದ್ದನ್ನು ಹಿಡಿದಿದ್ದ. ಮನೆಯಲ್ಲಿ ಅವಳು ಮಾವನಿಗೆ ‘ಬಂದರು’ ಎಂದೇ ಅನ್ನುತ್ತಾಳೆ. ಬರೆಯಲು ಕೂತಾಗ ಕೈ ತಾನಾಗಿ ‘ಬಂದ’ ಎಂದು ಬರೆದಿತ್ತು. ಇದನ್ನು ಇವನೇ ಹೇಳಬೇಕಾಯಿತಲ್ಲ, ಅದೂ ಇವತ್ತೇ, ತಾನು ಇವನ ಮೇಲೆ ಇಷ್ಟು ಸಿಟ್ಟಾಗಿರುವಾಗಲೇ.

“ಎರಡು ತಿಂಗಳ ಮುಂಚೆ ಓದಿದ್ರೆ ಏನಾಗ್ತಿತ್ತು ನಿಮಗೆ?” ಅಂದಳು.

“ಬೈತಾ ಇರು. ಇದನ್ನ ಮಾತ್ರ ಬಿಡು.”

“ಚಂದ್ರು ಅವರೇ,” ಕೀರ್ತಿ ಕುರ್ಚಿ ಎಳೆದು ಕೂತಳು, “‘ರು’ ಇರಲಿ. ಆದ್ರೂ ಪೂರ್ತಿ ಒಂದು ಸಲ ಓದೋಣ.”

ಓದಿದರು. ಗಾಳಿಗಂಟಿ ಬಂದರು, ಕೆಮ್ಮಿದರು, ಹೆಂಡತಿಯ ಹತ್ತಿರ ಬೈಸಿಕೊಂಡರು. ಕೆಲವು ಕಡೆ ಕಿವಿಗೆ ಒರಟಾಯಿತು. ಒಂದೆರಡು ವಾಕ್ಯ ಕೀರ್ತಿ ಅಲ್ಲೇ ಮುರಿದು ಕಟ್ಟಿದಳು. ಏಳನೇ ಪುಟದಲ್ಲಿ ಚಂದ್ರು ಬೆರಳು ನಿಲ್ಲಿಸಿದರು. ಮೊದಲನೇ ಹಟ್ಟಿಯ ಯಜಮಾನ ಗಾಳಿ ಹೆಚ್ಚು ಬಿಡು ಎಂದು ಜಗಳ ತೆಗೆಯುವ ಜಾಗ. ‘ಏ ಗಾಳಿಗಂಟಿ, ಬಾರೋ ಇಲ್ಲಿ!’ ಎಂದಿತ್ತು.

“ಇಲ್ಲೂ ‘ಬನ್ನಿ’ ಅಂತ ಮಾಡ್ಬಿಡ್ಲಾ?”

“ಬೇಡ,” ಎಂದಳು ಕೀರ್ತಿ. ಅದೇ ಹೊತ್ತಿಗೆ ಹಿಂದಿನಿಂದ ಶಿವರಾಮುವೂ ಬೇಡ ಅಂದ.

“ಅವನು ಹಂಗೇ ಕರೆಯೋದು,” ಎಂದು ಅವನೇ ಸೇರಿಸಿದ. “ಅದನ್ನ ಮುಟ್ಟಬೇಡಿ.”

ಚಂದ್ರು ತಲೆಯಾಡಿಸಿ ಮುಂದಿನ ಪುಟ ತೆಗೆದರು.